ಪ್ರೆಸ್ಸಿನವರಿಗೆ ಯಾವ ಚಾಟ್ ಆ್ಯಪ್?

ನಮ್ಮದು ಮೈಸೂರಿನ ಒಂದು ಆಫ್‌ಸೆಟ್ ಪ್ರೆಸ್. ಆರ್ಡರ್ ಬರೆದುಕೊಳ್ಳುವುದು, ಪ್ರೂಫ್ ತೋರಿಸಿ ಒಪ್ಪಿಗೆ ತೆಗೆದುಕೊಳ್ಳುವುದು ನನ್ನ ಕೆಲಸ. ಮದುವೆ ಸೀಸನ್ ಬಂತೆಂದರೆ ಎಲ್ಲ ಜಾಬೂ ಒಂದೇ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಕಲಸಿಹೋಗುತ್ತಿತ್ತು. "ತಿದ್ದಿದ್ದೀನಿ, ನೋಡಿ" ಅಂತ ಮೆಸೇಜ್ ಬರುತ್ತದೆ. ಯಾವ ಕಾರ್ಡು? ಮುಹೂರ್ತದ ಹೊತ್ತು ತಪ್ಪಾಗಿ ಅಚ್ಚಾದರೆ ಪ್ಲೇಟೂ ದಂಡ, ಕಾಗದವೂ ದಂಡ.

ಮೊದಲು ಆಫೀಸುಗಳಲ್ಲಿ ಬಳಸುವ ಸ್ಲ್ಯಾಕ್ ಅನ್ನೋ ಚಾಟ್ ಆ್ಯಪ್ ನೋಡಿದೆವು. ಚೆನ್ನಾಗಿದೆ. ಆದರೆ ದುಡ್ಡು ಕೊಡದೆ ಬಳಸಿದರೆ 90 ದಿನಗಳ ಹಿಂದಿನ ಮೆಸೇಜ್ ಕಾಣುವುದಿಲ್ಲ. ನಮ್ಮ ಗಿರಾಕಿಗಳು ಅಕ್ಕನ ಮದುವೆಗೆ ಮಾಡಿಸಿದ ಕಾರ್ಡನ್ನೇ ವರ್ಷ ಬಿಟ್ಟು ತಂಗಿಯ ಮದುವೆಗೂ ಕೇಳುವವರು. ದುಡ್ಡು ಕೊಡೋಣ ಅಂದರೆ ಒಬ್ಬೊಬ್ಬರಿಗೆ ತಿಂಗಳಿಗೆ ಇಷ್ಟು ಅಂತ ಲೆಕ್ಕ. ಸೀಸನ್‌ನಲ್ಲಿ ನಮ್ಮಲ್ಲಿ ಜನ ಜಾಸ್ತಿ.

ನನಗೆ ಹಿಡಿಸಿದ್ದು ಜುಲಿಪ್ ಅನ್ನೋ ಇನ್ನೊಂದು ಚಾಟ್ ಆ್ಯಪ್. ಅದರಲ್ಲಿ ಮಾತುಕತೆಯೆಲ್ಲ ಟಾಪಿಕ್ ಪ್ರಕಾರ ಬೇರೆ ಬೇರೆ ಇರುತ್ತದೆ. ಜಾಬ್ ನಂಬರನ್ನೇ ಟಾಪಿಕ್ ಮಾಡಿದೆವು. ನಂಬರ್ ಹುಡುಕಿದರೆ ಆ ಕಾರ್ಡಿನ ಎಲ್ಲ ತಿದ್ದುಪಡಿಯೂ ಸಾಲಾಗಿ ಸಿಗುತ್ತದೆ. ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ತೆಗೆದುಕೊಂಡು ಬಳಸಬಹುದಾದ ಸಾಫ್ಟ್‌ವೇರ್ ಆದ್ದರಿಂದ ನಮ್ಮದೇ ಸರ್ವರಿನಲ್ಲಿ ಹಾಕಿಕೊಂಡೆವು, ಹಳೆಯದೆಲ್ಲ ಉಳಿಯುತ್ತದೆ.

ಕಂಪ್ಯೂಟರಿನಲ್ಲಿ ಕಾರ್ಡು ಜೋಡಿಸುವ ಡಿಟಿಪಿಯವರದ್ದು ಬೇರೆಯೇ ಕಷ್ಟ. ಅವರ ಫೈಲುಗಳು ನುಡಿ ಸಾಫ್ಟ್‌ವೇರಿನ ಹಳೆ ಫಾಂಟಿನಲ್ಲಿವೆ, ಎಲ್ಲ ಫೋನು, ಕಂಪ್ಯೂಟರುಗಳಿಗೂ ಅರ್ಥವಾಗುವ ಯೂನಿಕೋಡ್ ಅಲ್ಲ. ಅಲ್ಲಿಂದ ಕಾಪಿ ಮಾಡಿ ಚಾಟಿಗೆ ಹಾಕಿದರೆ ಕನ್ನಡದ ಬದಲು ಏನೇನೋ ಇಂಗ್ಲಿಷ್ ಅಕ್ಷರ ಬರುತ್ತದೆ. ಸ್ಕ್ರೀನಿನ ಫೋಟೊ ತೆಗೆದು ವಾಟ್ಸ್‌ಆ್ಯಪಿನಲ್ಲಿ ಕಳಿಸಿದರೆ ಅದು ಕುಗ್ಗಿ, ಸಣ್ಣ ಅಕ್ಷರದ ಒತ್ತು, ಸೊನ್ನೆ ಮಸುಕಾಗುತ್ತವೆ. ಪ್ರೂಫ್ ನೋಡಬೇಕಾದದ್ದೇ ಅವನ್ನಲ್ವಾ! ಅದಕ್ಕೆ ಈಗ ಪಿಡಿಎಫ್ ಮಾತ್ರ, ಅದೂ ಆಯಾ ಜಾಬಿನ ಟಾಪಿಕ್ಕಿನಲ್ಲಿ.

ಮಷೀನ್ ಓಡಿಸುವವರೂ ಜುಲಿಪ್‌ಗೇ ಬರಲಿ ಅಂದರು ನಮ್ಮ ಮಾಲೀಕರು. ನಾನು ಒಪ್ಪಲಿಲ್ಲ. ಅವರ ಕೈಯೆಲ್ಲ ಇಂಕು, ಕಿವಿಗೆ ಮಷೀನಿನ ಸದ್ದು. ಟಾಪಿಕ್ ಆರಿಸಿ ಕನ್ನಡ ಟೈಪ್ ಮಾಡುತ್ತಾ ಕೂರಲು ಅವರಿಗೆ ಪುರುಸೊತ್ತೆಲ್ಲಿ? "ನೀಲಿ ಜಾಸ್ತಿ ಹೊಡೀತಿದೆ, ಬಂದು ನೋಡಮ್ಮ" ಅಂತ ವಾಟ್ಸ್‌ಆ್ಯಪಿನಲ್ಲಿ ವಾಯ್ಸ್ ಕಳಿಸುತ್ತಾರೆ. ಅಷ್ಟು ಸಾಕು. ಬರೆದಿಡಬೇಕಾದ್ದನ್ನು ನಾನೇ ಜಾಬ್ ನಂಬರಿನಡಿ ಹಾಕುತ್ತೇನೆ. ಇದು ನನಗೆ ಹೆಚ್ಚಿನ ಕೆಲಸ, ನಿಜ. ಆದರೂ ಮೂವತ್ತು ವರ್ಷ ಬಣ್ಣ ನೋಡಿದ ಕಣ್ಣನ್ನು ಸುಮ್ನೆ ಫೋನಿನ ಪರದೆಗೆ ಕಟ್ಟಿಹಾಕುವುದು ನನಗೆ ಇಷ್ಟವಿಲ್ಲ.

ಬೈಂಡಿಂಗಿನವರನ್ನು ಯಾವುದಕ್ಕೂ ಸೇರಿಸಿಲ್ಲ. ಅವರು ಪಕ್ಕದ ಕೋಣೆಯಲ್ಲೇ ಇದ್ದಾರೆ, ಹೋಗಿ ಹೇಳಿದರಾಯಿತು.