ಅನಿಮೆ ಸಂಗೀತ ಕೇಳೋಕೆ ಎಲ್ಲಿಂದ ಶುರು ಮಾಡಲಿ?

ಅನಿಮೆ, ಅಂದ್ರೆ ಜಪಾನಿನ ಅನಿಮೇಷನ್, ನೋಡುತ್ತೇನೆ ಅಂತ ಗೊತ್ತಾದ ಕೂಡಲೇ ಗೆಳೆಯರು ಕೇಳುವ ಪ್ರಶ್ನೆ ಇದು: ಸಂಗೀತಕ್ಕೋಸ್ಕರವೇ ನೋಡಬೇಕು ಅಂದ್ರೆ ಯಾವ ಸರಣಿ ನೋಡಲಿ? ಅದರ ಬೆನ್ನಿಗೇ ಇನ್ನೊಂದು ಬರುತ್ತದೆ. ಭಾಷೆ ಗೊತ್ತಿಲ್ಲದೆ ಆ ಹಾಡುಗಳು ಮನಸ್ಸಿಗೆ ತಟ್ಟೋದಾದರೂ ಹೇಗೆ?

ಎರಡಕ್ಕೂ ನನ್ನ ಉತ್ತರ ‘ಕೌಬಾಯ್ ಬೀಬಾಪ್’. 1998ರಲ್ಲಿ ಜಪಾನಿನ ಟಿವಿಯಲ್ಲಿ ಶುರುವಾದ ಸರಣಿ, ಒಟ್ಟು 26 ಕಂತು. ನಿರ್ದೇಶಕ ಶಿನಿಚಿರೋ ವತನಾಬೆ. ಸಂಗೀತ ಯೋಕೋ ಕಾನ್ನೊ ಅವರದ್ದು. ಕಥೆ ನಡೆಯುವುದು 2071ರಲ್ಲಿ. ಬೀಬಾಪ್ ಎಂಬ ಹಳೇ ಅಂತರಿಕ್ಷ ಹಡಗು, ಅದರಲ್ಲಿ ಸ್ಪೈಕ್, ಜೆಟ್, ಫೇ, ಎಡ್ ಎಂಬ ಹುಡುಗಿ, ಐನ್ ಎಂಬ ನಾಯಿ. ತಲೆಗೆ ಬಹುಮಾನ ಕಟ್ಟಿರುವ ಅಪರಾಧಿಗಳನ್ನು ಹಿಡಿದುಕೊಟ್ಟು ಹೊಟ್ಟೆ ಹೊರೆಯುವ ಜನ ಇವರು. ಕೈಗೆ ದುಡ್ಡು ಸಿಗುವುದು ಅಪರೂಪ. ಮೊದಲ ಕಂತಿನಲ್ಲೇ ಜೆಟ್ ದಪ್ಪ ಮೆಣಸಿನಕಾಯಿ ಹಾಕಿ ಬೀಫ್ ಅಡುಗೆ ಮಾಡುತ್ತಾನೆ, ಅದರಲ್ಲಿ ಬೀಫೇ ಇರುವುದಿಲ್ಲ. (ಮುಂದೆ ಕಥೆಯ ಕೆಲವು ಗುಟ್ಟುಗಳು ಬರುತ್ತವೆ. ನೋಡದವರು ಬೇಕಾದರೆ ಕೊನೆಯ ಪ್ಯಾರಾಗೆ ಹೋಗಬಹುದು.)

ಈ ಹಡಗಿನಲ್ಲಿ ಎಲ್ಲರಿಗೂ ಒಂದೊಂದು ಹಳೇ ಗಾಯ ಇದೆ. ಯಾರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಸ್ಪೈಕ್ ಸಿಗರೇಟು ಹಚ್ಚುತ್ತಾನೆ, ಫೇ ಜೂಜಾಡಲು ಹೋಗುತ್ತಾಳೆ, ಜೆಟ್ ತನ್ನ ಬೋನ್ಸಾಯ್ ಗಿಡ ಕತ್ತರಿಸುತ್ತಾ ಕೂರುತ್ತಾನೆ. ಅವರು ನುಂಗಿಕೊಂಡಿದ್ದೆಲ್ಲ ಸಂಗೀತದಲ್ಲಿ ಹೊರಗೆ ಬರುತ್ತದೆ. ನನ್ನನ್ನು ಹಿಡಿದಿಟ್ಟಿದ್ದು ಇದೇ.

ಈ ಸಂಗೀತ ಹುಟ್ಟಿದ ಬಗೆಯೂ ಬೇರೆ. ನಮ್ಮ ಸಿನಿಮಾಗಳಲ್ಲಿ ಹಾಡು ಮೊದಲು ರೆಕಾರ್ಡ್ ಆಗುತ್ತದೆ, ಆಮೇಲೆ ಶೂಟಿಂಗ್. ಆದರೆ ಹಿನ್ನೆಲೆ ಸಂಗೀತ ಕೊನೆಗೆ, ರೀರೆಕಾರ್ಡಿಂಗ್‌ನಲ್ಲಿ ಸೇರುತ್ತದೆ. ಬೀಬಾಪ್‌ನಲ್ಲಿ ಆ ಲೆಕ್ಕ ಅಡಿಮೇಲಾಯಿತು. ತಾನು ಬೇಕು ಅಂತ ಹೇಳದೇ ಇದ್ದ ಸಂಗೀತವನ್ನೂ ಕಾನ್ನೊ ಮಾಡಿ ತಂದು ಕೊಡುತ್ತಿದ್ದರು, ಅದನ್ನು ಕೇಳಿ ಹೊಸ ದೃಶ್ಯಗಳು ಹೊಳೆಯುತ್ತಿದ್ದವು ಅಂತ ವತನಾಬೆ ಸಂದರ್ಶನಗಳಲ್ಲಿ ಹೇಳಿದ್ದಾರೆ. ಇದಕ್ಕಾಗಿ ಕಾನ್ನೊ ಸೀಟ್‌ಬೆಲ್ಟ್ಸ್ ಎಂಬ ವಾದ್ಯತಂಡವನ್ನೇ ಕಟ್ಟಿದರು. ಜಾಝ್, ಬ್ಲೂಸ್, ರಾಕ್, ಕೋರಸ್ ಎಲ್ಲ ಬರುತ್ತದೆ. ಇಲ್ಲಿ ಕಂತಿಗೆ ‘ಸೆಷನ್’ ಅಂತಲೇ ಹೆಸರು.

ಶುರುವಿನ ‘ಟ್ಯಾಂಕ್!’ ಎಲ್ಲರಿಗೂ ಗೊತ್ತು. ಟ್ರಂಪೆಟ್‌ನಂಥ ಬ್ರಾಸ್ ವಾದ್ಯಗಳ ಒಂದೂವರೆ ನಿಮಿಷದ ಅಬ್ಬರ, ಚೆನ್ನಾಗಿದೆ. ನಾನು ಹೇಳಬೇಕಾಗಿರುವುದು ಬೇರೆ ಕಡೆ ಇದೆ.

ಐದನೇ ಸೆಷನ್ ನೋಡಿ. ಪಾಳುಬಿದ್ದ ಚರ್ಚಿನೊಳಗೆ ಸ್ಪೈಕ್ ಮತ್ತು ಅವನ ಹಳೇ ಜೊತೆಗಾರ ವಿಷಸ್ ಎದುರಾಗುತ್ತಾರೆ. ಹೊಡೆದಾಟ, ಗುಂಡು, ರಕ್ತ. ಕೊನೆಗೆ ಬಣ್ಣದ ಗಾಜಿನ ಕಿಟಕಿ ಒಡೆದುಕೊಂಡು ಸ್ಪೈಕ್ ಹೊರಗೆ ಬೀಳುತ್ತಾನೆ. ಆಗ ಗುಂಡಿನ ಸದ್ದೆಲ್ಲ ಅಡಗಿ ‘ಗ್ರೀನ್ ಬರ್ಡ್’ ಶುರುವಾಗುತ್ತದೆ. ಪಿಯಾನೋ, ಅದರ ಮೇಲೆ ಚರ್ಚ್ ಕೋರಸ್‌ನಂಥ ತಿಳಿಯಾದ ದನಿಗಳು. ಸಾಯುವ ಹಾಗೆ ಬೀಳುತ್ತಿರುವವನಿಗೆ ಮಕ್ಕಳನ್ನು ಮಲಗಿಸುವಂಥ ರಾಗ! ಅವನು ನಿಧಾನವಾಗಿ ಬೀಳುತ್ತಾನೆ, ಹಳೆಯ ನೆನಪುಗಳು ತುಂಡುತುಂಡಾಗಿ ಬರುತ್ತವೆ. ಸ್ಪೈಕ್ ಯಾರನ್ನು ಕಳೆದುಕೊಂಡ, ಯಾಕೆ, ಇನ್ನೂ ನಮಗೆ ಸರಿಯಾಗಿ ಗೊತ್ತಿಲ್ಲ. ಆದರೂ ಗಂಟಲು ಕಟ್ಟುತ್ತದೆ. ಕಾರಣ ತಿಳಿಯುವ ಮೊದಲೇ ದುಃಖ ತಲುಪಿರುತ್ತದೆ.

ಆ ನೆನಪುಗಳಲ್ಲಿ ಗಾಯಗೊಂಡು ಮಲಗಿದ ಅವನ ಪಕ್ಕದಲ್ಲಿ ಅವನು ಪ್ರೀತಿಸಿದ್ದ ಜೂಲಿಯಾ ಗುನುಗುತ್ತಿರುತ್ತಾಳೆ. ಎಚ್ಚರವಾದಾಗ ಮೈತುಂಬ ಬ್ಯಾಂಡೇಜು, ಪಕ್ಕದಲ್ಲಿ ಫೇ ಗುನುಗುತ್ತಿದ್ದಾಳೆ. ಅವನು ಕೈಸನ್ನೆ ಮಾಡಿ ಹತ್ತಿರ ಕರೆಯುತ್ತಾನೆ. ನಿನ್ನ ಶ್ರುತಿ ಸರಿಯಿಲ್ಲ ಅನ್ನುತ್ತಾನೆ. ಅವಳು ದಿಂಬಿನಿಂದ ಬಾರಿಸುತ್ತಾಳೆ. ನಗು ಬರುತ್ತದೆ, ಅಲ್ವಾ? ಆದರೆ ಅವನು ಯಾರ ದನಿಯನ್ನು ಹುಡುಕುತ್ತಿದ್ದ ಅನ್ನೋದು ಆ ಒಂದು ಗುನುಗಿನಲ್ಲಿ ನಮಗೆ ಗೊತ್ತಾಗಿಬಿಡುತ್ತದೆ.

ಇನ್ನು ಹನ್ನೆರಡು, ಹದಿಮೂರನೇ ಸೆಷನ್‌ಗಳು. ಗುರುಗ್ರಹದ ಉಪಗ್ರಹ ಕ್ಯಾಲಿಸ್ಟೋ, ಹಿಮ ಬೀಳುವ ಊರು. ಅಲ್ಲಿನ ಬಾರಿನಲ್ಲಿ ಸ್ಯಾಕ್ಸೋಫೋನ್ ನುಡಿಸುವ ಗ್ರೆನ್ ಒಂದು ಕಾಲದಲ್ಲಿ ಶನಿಗ್ರಹದ ಉಪಗ್ರಹ ಟೈಟನ್‌ನ ಯುದ್ಧದಲ್ಲಿ ವಿಷಸ್ ಜೊತೆಗಿದ್ದ ಸೈನಿಕ. ನಂಬಿದ್ದ ಗೆಳೆಯನೇ ದ್ರೋಹ ಬಗೆದ. ಸಾಯುವ ಹೊತ್ತಿನಲ್ಲಿ ಗ್ರೆನ್‌ಗೆ ಮತ್ತೆ ಟೈಟನ್‌ಗೆ ಹೋಗುವ ಆಸೆ. ಅಷ್ಟು ದೂರ ಬದುಕಿ ತಲುಪುವುದಿಲ್ಲ ಅಂತ ಅವನಿಗೂ ಗೊತ್ತು, ಸ್ಪೈಕ್‌ಗೂ ಗೊತ್ತು. ಸ್ಪೈಕ್ ಅವನ ಹಡಗನ್ನು ಹೊರಡಿಸಿ ಕಳಿಸುತ್ತಾನೆ. ಆಗ ‘ಸ್ಪೇಸ್ ಲಯನ್’. ಮೊದಲು ಒಂಟಿ ಸ್ಯಾಕ್ಸೋಫೋನ್, ಗ್ರೆನ್‌ನ ವಾದ್ಯವೇ ಅದು. ಆತುರವೇ ಇಲ್ಲ. ಆಮೇಲೆ ಡೋಲುಗಳು ಸೇರುತ್ತವೆ, ಹಲವು ಕಂಠಗಳು ಒಟ್ಟಾಗಿ ಹಾಡುತ್ತವೆ. ಒಬ್ಬಂಟಿಯಾಗಿ ಸತ್ತವನನ್ನು ಕಳಿಸಿಕೊಡಲು ಒಂದು ಊರೇ ಬಂದು ನಿಂತಂತೆ ಅನ್ನಿಸುತ್ತದೆ. ಆಲ್ಬಮ್‌ನಲ್ಲಿ ಇದು ಸುಮಾರು ಏಳು ನಿಮಿಷ ಇದೆ. ಹೆಡ್‌ಫೋನ್ ಹಾಕಿಕೊಂಡು ಪೂರ್ತಿ ಕೇಳಿ.

24ನೇ ಸೆಷನ್ ಬಗ್ಗೆ ಬರೆಯುವುದು ನನಗೆ ಕಷ್ಟ. ಫೇ ಐವತ್ತಕ್ಕೂ ಹೆಚ್ಚು ವರ್ಷ, ದೇಹವನ್ನು ಹೆಪ್ಪುಗಟ್ಟಿಸಿ ಇಡುವ ಶೀತನಿದ್ರೆಯಲ್ಲಿದ್ದು, ಹಿಂದಿನದೆಲ್ಲ ಮರೆತು ಎದ್ದವಳು. ಮನೆಯ ನೆನಪು ಬಂದು ಹುಡುಕಿಕೊಂಡು ಹೋದರೆ ಅಲ್ಲಿ ಉಳಿದಿರುವುದು ಅವಶೇಷ ಮಾತ್ರ. ಕಡ್ಡಿಯಿಂದ ನೆಲದ ಮೇಲೆ ಮಂಚದ ಆಕಾರ ಗೀಚಿ ಅದರೊಳಗೆ ಮಲಗುತ್ತಾಳೆ. ಎಡ್ ಕೂಡ ಹೊರಟುಹೋಗುತ್ತಾಳೆ, ನಾಯಿಯೂ ಅವಳ ಹಿಂದೆ. ‘ಕಾಲ್ ಮಿ ಕಾಲ್ ಮಿ’ ಕೇಳಿಬರುತ್ತದೆ. ಹಡಗಿನಲ್ಲಿ ಸ್ಪೈಕ್ ಮತ್ತು ಜೆಟ್ ಬೇಯಿಸಿದ ಮೊಟ್ಟೆಗಳನ್ನು ಬಾಯಿಗೆ ತುರುಕಿಕೊಳ್ಳುತ್ತಾರೆ, ಹೋದವರ ಪಾಲಿನದನ್ನೂ ಬಿಡದೆ. ಒಂದೇ ಒಂದು ಮಾತಿಲ್ಲ. ಮನೆ ಖಾಲಿಯಾದ ಸಂಕಟವನ್ನು ಇಷ್ಟು ಚೆನ್ನಾಗಿ ತೋರಿಸಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಈಗ ಭಾಷೆಯ ವಿಷಯ. ಬೀಬಾಪ್‌ನ ಎಷ್ಟೋ ಹಾಡುಗಳು ಇಂಗ್ಲಿಷಿನಲ್ಲೇ ಇವೆ. ‘ಗ್ರೀನ್ ಬರ್ಡ್’ ಮಾತ್ರ ಯಾವ ದೇಶದ ಭಾಷೆಯೂ ಅಲ್ಲ, ಹಾಡಿಗೆಂದೇ ಹುಟ್ಟಿಸಿದ ಶಬ್ದಗಳು. ಇಂಥ ಹಾಡುಗಳಿಗೆ ಗೇಬ್ರಿಯೆಲಾ ರಾಬಿನ್ ಅನ್ನುವವರ ಹೆಸರು ಹಾಕುತ್ತಿದ್ದರು. ಅದು ತಾನೇ ಅಂತ ಕಾನ್ನೊ 2009ರ ಸಂಗೀತ ಕಛೇರಿಯೊಂದರಲ್ಲಿ ತೋರಿಸಿಕೊಟ್ಟರು. ಹಾಗಾಗಿ ಆ ಹಾಡಿನ ಮುಂದೆ ಟೋಕಿಯೋದವರೂ ನಾವೂ ಒಂದೇ. ಯಾರಿಗೂ ಅರ್ಥ ಇಲ್ಲ, ಎಲ್ಲರಿಗೂ ದನಿ ಇದೆ. ಆಲಾಪನೆ ಕೇಳಿ ಕಣ್ಣು ಒದ್ದೆ ಮಾಡಿಕೊಳ್ಳುವ ನಮಗೆ ಇದು ಹೊಸದೇನಲ್ಲ.

ಶುರು ಮಾಡುವವರಿಗೆ ಒಂದೇ ಮಾತು. ಸುಮ್ನೆ ಹಾಡುಗಳನ್ನಷ್ಟೇ ಹುಡುಕಿ ಕೇಳಬೇಡಿ, ಕಂತುಗಳನ್ನು ಸಾಲಾಗಿ ನೋಡಿ. ಇನ್ನೊಂದು, ಈಗಿನ ಆ್ಯಪ್‌ಗಳು ಕೊನೆಯ ಹೆಸರುಗಳು ಬರುತ್ತಿದ್ದ ಹಾಗೇ ಮುಂದಿನ ಕಂತಿಗೆ ಹಾರುತ್ತವೆ. ಆಟೋಪ್ಲೇ ಆಫ್ ಮಾಡಿಡಿ. ಹೆಚ್ಚಿನ ಕಂತುಗಳು ಮಾಯಿ ಯಾಮಾನೆ ಹಾಡಿದ ‘ದಿ ರಿಯಲ್ ಫೋಕ್ ಬ್ಲೂಸ್’ನಿಂದ ಮುಗಿಯುತ್ತವೆ. ಆದರೆ 13ರಲ್ಲಿ ಆ ಜಾಗಕ್ಕೆ ‘ಸ್ಪೇಸ್ ಲಯನ್’ ಬರುತ್ತದೆ, 26ರಲ್ಲಿ ಯಾಮಾನೆಯವರದ್ದೇ ‘ಬ್ಲೂ’. 26ರಲ್ಲಿ ಏನಾಗುತ್ತದೆ ಅಂತ ನಾನು ಹೇಳುವುದಿಲ್ಲ. ಪರದೆ ಪೂರ್ತಿ ನಿಲ್ಲುವವರೆಗೆ ರಿಮೋಟ್ ಮುಟ್ಟಬೇಡಿ.