ಆ ಹೆಸರು ತೆಗೆದುಬಿಡಪ್ಪಾ

"ಆ ನಾಲ್ಕೈದು ಹೆಸರು ಫೈಲ್‌ನಿಂದ ತೆಗೆದುಬಿಡಪ್ಪಾ, ಪ್ರೋಗ್ರಾಂ ತಾನಾಗೇ ಓಡುತ್ತೆ."

ಹೀಗಂದವರು ನಮ್ಮ ಟೀಮ್ ಲೀಡ್. ಹೊಸದಾಗಿ ಸೇರಿದ ಹುಡುಗ ಸ್ಕ್ರೀನ್ ಕಡೆ ನೋಡುತ್ತಲೇ, "ತೆಗೆದ್ರೆ ಆ ಜನ ಎಲ್ಲಿಗೆ ಹೋಗ್ಬೇಕು ಸರ್?" ಅಂದ. ಲೀಡ್ ನಕ್ಕರು. ನನಗೆ ನಗು ಬರಲಿಲ್ಲ. ಈ ವಾರವಿಡೀ ಅದೇ ಮಾತು ತಲೆಯಲ್ಲಿ ಸುತ್ತುತ್ತಿದೆ.

ವಿಷಯ ಇಷ್ಟೇ. ರಾತ್ರಿ ಹೊತ್ತು ಕ್ರಾನ್‌ನಲ್ಲಿ (ನಿಗದಿತ ಸಮಯಕ್ಕೆ ಪ್ರೋಗ್ರಾಂ ತಾನಾಗೇ ಓಡಿಸುವ ವ್ಯವಸ್ಥೆ) ಓಡುವ, ಸಿ ಭಾಷೆಯ ಹಳೆಯ ಪ್ರೋಗ್ರಾಂ. ಫೈಲ್‌ನಿಂದ ಹೆಸರು ಓದಿ, ಎಂಬಿಎಸ್-ಟು-ಡಬ್ಲ್ಯೂಸಿಎಸ್ (mbstowcs) ಫಂಕ್ಷನ್‌ನಿಂದ ಅದರ ಬೈಟ್‌ಗಳನ್ನು ವೈಡ್ ಕ್ಯಾರೆಕ್ಟರ್ (ಒಂದೊಂದು ಸಂಕೇತಕ್ಕೆ ಒಂದೊಂದು ಸಂಖ್ಯೆ) ಮಾಡಿ, ರಿಪೋರ್ಟ್‌ನಲ್ಲಿ ಸಾಲಾಗಿ ಕೂರಿಸುವುದು ಅದರ ಕೆಲಸ. ಹುಡುಗನ ಟರ್ಮಿನಲ್‌ನಲ್ಲಿ ಚೆನ್ನಾಗಿ ಓಡುತ್ತದೆ. ಕ್ರಾನ್‌ನಲ್ಲಿ ಮಾತ್ರ ಬೀಳುತ್ತದೆ, ಅದೂ ಕೆಲವು ಹೆಸರು ಬಂದಾಗ. ಕನ್ನಡದಲ್ಲಿ ಬರೆದವು ಕೆಲವು. ಇನ್ನೊಂದು ಸ್ಪ್ಯಾನಿಷ್ ಹೆಸರು, ಹೋಸೆ. ಅದರ ಕೊನೆಯ ಅಕ್ಷರದ ಮೇಲೆ ಒಂದು ಸಣ್ಣ ಗೆರೆ ಇದೆ, ಅಷ್ಟಕ್ಕೇ ಎಲ್ಲ ಭಾಷೆಯ ಅಕ್ಷರಗಳನ್ನೂ ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಅದು ಎರಡು ಬೈಟ್ ಆಗುತ್ತದೆ. ಕನ್ನಡದ್ದಾದರೆ ಒಂದೊಂದು ಸಂಕೇತಕ್ಕೂ ಮೂರು ಬೈಟ್.

ಈ ಬೈಟ್‌ಗಳನ್ನು ಹೇಗೆ ಓದಬೇಕು ಅಂತ ಆ ಫಂಕ್ಷನ್‌ಗೆ ತಾನಾಗೇ ಗೊತ್ತಿರಲ್ಲ, ಲೊಕೇಲ್, ಅಂದರೆ ಯಾವ ಭಾಷೆ, ಯಾವ ಅಕ್ಷರಪದ್ಧತಿ ಅನ್ನುವ ಸೆಟ್ಟಿಂಗ್, ಹೇಳಬೇಕು. ಸಿ ಪ್ರೋಗ್ರಾಂ ಯಾವಾಗಲೂ "ಸಿ" ಲೊಕೇಲ್‌ನಲ್ಲೇ ಶುರುವಾಗುತ್ತದೆ. ಸೆಟ್‌ಲೊಕೇಲ್ ಫಂಕ್ಷನ್‌ಗೆ ಖಾಲಿ ಸ್ಟ್ರಿಂಗ್ ಕೊಟ್ಟರೆ ಸುತ್ತಲಿನ ಎನ್ವಿರಾನ್ಮೆಂಟ್ ನೋಡಿ ಬದಲಾಗುತ್ತದೆ. ಕೋಡ್‌ನಲ್ಲಿ ಅದನ್ನೂ ಕರೆದಿದ್ದರು. ಆದರೆ ನಮ್ಮ ಕ್ರಾನ್‌ನ ಎನ್ವಿರಾನ್ಮೆಂಟ್‌ನಲ್ಲಿ ಲೊಕೇಲ್ ಯಾವುದು ಅಂತ ಹೇಳುವ ಲ್ಯಾಂಗ್ ವೇರಿಯಬಲ್ಲೇ ಇರಲಿಲ್ಲ. ಏನೂ ಇಲ್ಲದಿದ್ದರೆ ಮತ್ತೆ "ಸಿ" ಲೊಕೇಲೇ ಗತಿ. ನಮ್ಮ ಹಳೆಯ ಸರ್ವರ್‌ನ ಆ ಲೊಕೇಲ್‌ಗೆ ಬರೀ ಆಸ್ಕಿ, ಅಂದರೆ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳಷ್ಟೇ ಗೊತ್ತು.

ಬೀಳೋದಕ್ಕೆ ನಿಜವಾದ ಕಾರಣ ಇನ್ನೂ ಮಜವಾಗಿದೆ. ಸರಿಯಾಗಿ ಓದಿದರೆ ಆ ಫಂಕ್ಷನ್ ಎಷ್ಟು ಕ್ಯಾರೆಕ್ಟರ್ ಅಂತ ಎಣಿಕೆ ಕೊಡುತ್ತದೆ, ಓದಲಾಗದ ಬೈಟ್ ಸಿಕ್ಕರೆ ಮೈನಸ್ ಒಂದು ಕೊಡುತ್ತದೆ. ಆದರೆ ಅದು ಕೊಡುವುದು ಸೈಜ್-ಟಿ ಅನ್ನುವ ಬಗೆಯ ಸಂಖ್ಯೆ, ಅದಕ್ಕೆ ಮೈನಸ್ ಅಂತ ಒಂದು ಇಲ್ಲವೇ ಇಲ್ಲ. ಮೈನಸ್ ಒಂದು ಅಲ್ಲಿ ಭಾರೀ ದೊಡ್ಡ ಸಂಖ್ಯೆ. ಯಾರೋ ಪುಣ್ಯಾತ್ಮರು "ಸೊನ್ನೆಗಿಂತ ಕಡಿಮೆಯಾ?" ಅಂತ ಚೆಕ್ ಹಾಕಿದ್ದರು. ಅದು ಯಾವತ್ತೂ ನಿಜ ಆಗಲ್ಲ. ಹೆಸರು ಮುಗಿಯಿತು ಅಂತ ಹೇಳುವ ಕೊನೆಯ ಸೊನ್ನೆಗೆ ಜಾಗ ಬೇಕಲ್ಲ ಅಂತ, ಬಂದ ಸಂಖ್ಯೆಗೆ ಒಂದು ಕೂಡಿಸಿ, ಮೆಮೊರಿಯಲ್ಲಿ ಜಾಗ ಕೇಳುವ ಮ್ಯಾಲಕ್ ಕರೆದಿದ್ದಾರೆ. ಭಾರೀ ಸಂಖ್ಯೆಗೆ ಒಂದು ಸೇರಿದರೆ ಸುತ್ತಿ ಬಂದು ಸೊನ್ನೆ! ಅಂದರೆ ಸೊನ್ನೆ ಬೈಟ್ ಜಾಗ ಕೇಳಿ, ಅಲ್ಲಿ ಹೆಸರು ಇದೆ ಅಂದುಕೊಂಡು ಓದುತ್ತಿದ್ದರು.

ಹುಡುಗನೇ ಇದನ್ನು ಹಿಡಿದ. ಡೀಬಗರ್‌ನಲ್ಲಿ ಒಂದೊಂದೇ ಸಾಲು ನಡೆಸಿ ತೋರಿಸಿದ. ಲೀಡ್ ಕೆಟ್ಟವರಲ್ಲ. ಆದರೆ ಬಗ್ ಬಂದರೆ ಡೇಟಾನೇ ಸರಿಯಿಲ್ಲ ಅನ್ನೋ ಜಾತಿ.

ನನಗೆ ಚುಚ್ಚಿದ್ದು ಅದೇ. ಯಂತ್ರ ಆ ಹೆಸರನ್ನು ಅಮಾನ್ಯ ಅಂದರೆ ಅರ್ಥವಾಗುತ್ತದೆ, ಅದಕ್ಕೆ ಓದೋಕೆ ಯಾರೂ ಹೇಳಿಕೊಟ್ಟಿಲ್ಲ. ನಾವೂ ಹಾಗೇ ಅಂದರೆ? "ಹೆಸರನ್ನು ಇಂಗ್ಲಿಷ್‌ನಲ್ಲೇ ತುಂಬಿ" ಅಂತ ಕೆಂಪಕ್ಷರದಲ್ಲಿ ಹೇಳುವ ಫಾರಂಗಳನ್ನು ಎಷ್ಟೋ ಜನ ಸುಮ್ನೆ ತುಂಬಿದ್ದೇವೆ. ಅವುಗಳಲ್ಲಿ ಎಷ್ಟರ ಹಿಂದೆ ಇಂಥದ್ದೇ ತಪ್ಪು ಚೆಕ್ ಕೂತಿದೆಯೋ. ಯಾರದೋ ಸೋಮಾರಿತನ ಮೆಲ್ಲಗೆ ನಿಯಮ ಆಗಿಬಿಡುತ್ತದೆ, ಅಲ್ವಾ?

ಕ್ರಾನ್‌ಗೆ ಯುಟಿಎಫ್-8 ಲೊಕೇಲ್ ಕೊಟ್ಟು, ಚೆಕ್ ಸರಿ ಮಾಡಿದ್ದಾಯಿತು. ರಿಪೋರ್ಟ್‌ನ ಸಾಲು ಮಾತ್ರ ಇನ್ನೂ ಸೊಟ್ಟ. "ಕನ್ನಡ" ಅಂತ ಬರೆದರೆ ಕಣ್ಣಿಗೆ ಮೂರು ಅಕ್ಷರ, ವೈಡ್ ಕ್ಯಾರೆಕ್ಟರ್ ಲೆಕ್ಕದಲ್ಲಿ ಐದು, ಒತ್ತಕ್ಷರದ ಹಲಂತವೂ ಬೇರೆ ಎಣಿಕೆ. ಅದು ಮುಂದಿನ ಕೆಲಸ.

ಟೆಸ್ಟ್ ಫೈಲ್‌ನಲ್ಲಿ ಅವೇ ಹೆಸರು ಮೊದಲು ಹಾಕು ಅಂತ ಹುಡುಗನಿಗೆ ಹೇಳಿದ್ದೇನೆ. ಲೀಡ್ ಇನ್ನೂ ಒಪ್ಪಿಲ್ಲ. ಬಿಲ್ಡ್ ನಿಧಾನ ಆಗುತ್ತಂತೆ. ನಾಲ್ಕೈದು ಹೆಸರಿಗೆ!