ಗೌರಿ ಹೂವಿನ ಬೀಜ ಹಿಡಿಯೋದು

12 ಅಕ್ಟೋಬರ್ 2025, ಭಾನುವಾರ
ಸರಸ್ವತಿಪುರಂ, ಮೈಸೂರು

ಇವತ್ತು ತಿಂಡಿ ಆದ ಮೇಲೆ ಒಂದು ಗಂಟೆ ಗೌರಿ ಹೂವಿನ ಗಿಡಗಳ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದೆ. ಮೊಣಕಾಲು ಇನ್ನೂ ಹಿಡಿದುಕೊಂಡಿದೆ. ಜೂನ್ ಮಧ್ಯದಲ್ಲಿ ಚೆಲ್ಲಿದ ಬೀಜ, ಆಗಸ್ಟ್ 26ರ ಗೌರಿ ಹಬ್ಬಕ್ಕೆ ಸರಿಯಾಗಿ ಹೂ ಬಿಟ್ಟಿತ್ತು. ಈಗ ಕೆಳಗಿನ ಎಲೆ ಹಳದಿಯಾಗಿ ಗಿಡ ಸೋತಿದೆ, ಕಾಯಿ ಮಾತ್ರ ಜಾಸ್ತಿ.

ಕಾಯಿ ಉಬ್ಬಿಕೊಂಡು ಹಸಿರು ತಿಳಿಯಾಯ್ತು ಅಂದರೆ ಬಲಿತಿದೆ ಅಂತ. ಬೆರಳು ತಾಗಿದರೆ ಸಾಕು, ಪಟ್ ಅಂತ ಸಿಡಿದು ಸಿಪ್ಪೆ ಹುಳುವಿನ ಹಾಗೆ ಸುರುಟಿಕೊಳ್ಳುತ್ತದೆ, ಬೀಜ ದಾಸವಾಳದ ಬುಡಕ್ಕೋ ಚರಂಡಿಗೋ ಹಾರಿಹೋಗಿರುತ್ತದೆ. ಅದಕ್ಕೇ ಮೊದಲು ಕಾಯಿಯನ್ನು ಮುಷ್ಟಿಯೊಳಗೆ ಸೇರಿಸಿಕೊಂಡು ಆಮೇಲೆ ಅದುಮಬೇಕು. ಅಂಗೈಯಲ್ಲಿ ಏನೋ ಮಿಸುಕಿದ ಹಾಗಾಗುತ್ತದೆ. ಚಿಕ್ಕವರಿದ್ದಾಗ ಈ ಕಚಗುಳಿಗೇ ಎಳೇ ಕಾಯಿಗಳನ್ನೂ ಬಿಡದೆ ಒಡೆದು ಅಜ್ಜಿ ಹತ್ತಿರ ಬೈಸಿಕೊಳ್ಳುತ್ತಿದ್ದೆವು. ಅಜ್ಜಿ ಇದನ್ನು ಕರ್ಣಕುಂಡಲ ಅನ್ನುತ್ತಿದ್ದರು. ಹೂವಿನ ಹಿಂದೆ ಬಾಗಿದ ಬಾಲ ಇದೆಯಲ್ಲ, ನೋಡಿದರೆ ಓಲೆ ತೂಗಿದ ಹಾಗೇ.

ಚೆಂಡು ಹೂವಿನದು ಬೇರೆ ಕಥೆ. ಹೋದ ವರ್ಷ ಒಂದು ನರ್ಸರಿಯಿಂದ ಸಸಿ ತಂದಿದ್ದೆ, ಮುಷ್ಟಿ ಗಾತ್ರದ ಹೂ ಬಂತು, ಆಸೆಯಿಂದ ಬೀಜ ಎತ್ತಿಟ್ಟೆ. ಈ ಸಲ ನೋಡಿದರೆ ಒಂದು ಗಿಡ ಸೊಂಟದೆತ್ತರ, ಇನ್ನೊಂದು ಗೇಣುದ್ದ, ಎರಡರಲ್ಲಂತೂ ಬರೀ ಒಂದು ಸುತ್ತು ಎಸಳು. ಅದು ಹೈಬ್ರಿಡ್ ಅಂತೆ. ಎರಡು ತಳಿ ಕೂಡಿಸಿ ಮಾಡಿದ್ದು, ಅದರ ಬೀಜ ಬಿತ್ತಿದರೆ ತಾಯಿಯ ಹಾಗೇ ಬರಬೇಕು ಅಂತೇನಿಲ್ಲ. ಮಾರುವಾಗ ಒಂದು ಮಾತು ಹೇಳಬಹುದಿತ್ತು, ಅಲ್ವಾ? ಕೊನೆಗೆ ಆಯುಧ ಪೂಜೆಗೆ ಸ್ಕೂಟರಿಗೆ ಹಾಕೋಕೆ ದೇವರಾಜ ಮಾರ್ಕೆಟ್ಟಿಗೇ ಹೋಗಿ, ಆ ಜಂಗುಳಿಯಲ್ಲಿ ನುಗ್ಗಿ, ಎರಡು ಮಾರು ಕೊಂಡು ತಂದೆ. ಮನೆಯಲ್ಲಿ ಹನ್ನೊಂದು ಗಿಡ ಇಟ್ಟುಕೊಂಡು!

ಸಂಜೆ ಮಲ್ಲಿಗೆಗೆ ಈ ರಗಳೆಯೇ ಇಲ್ಲ. ಕರಿಮೆಣಸಿನಂಥ ಬೀಜ ತಾನೇ ಉದುರುತ್ತದೆ, ತಾನೇ ಹುಟ್ಟುತ್ತದೆ.

ಗೌರಿ ಹೂವಿನ ಬೀಜವನ್ನು ಪೇಪರ್ ಮೇಲೆ ನೆರಳಲ್ಲಿ ಹರಡಿದ್ದೇನೆ. ಒಣಗಿದ ಮೇಲೆ ಮದುವೆ ಪತ್ರಿಕೆಯ ಕವರುಗಳಿಗೆ. ಬಿಳಿ ಬಣ್ಣದ್ದು ಇರೋದು ಒಂದೇ ಗಿಡ. "ಅದರದ್ದು ನನಗೂ ನಾಲ್ಕು ಬೀಜ ಕೊಡಮ್ಮ" ಅಂತ ಪಕ್ಕದ ಮನೆ ಆಂಟಿ ಆಗಲೇ ಹೇಳಿಟ್ಟಿದ್ದಾರೆ. ಅದರ ಕಾಯಿ ಇನ್ನೂ ಬಲಿತಿಲ್ಲ. ಹಳೇ ಸೊಳ್ಳೆಪರದೆಯ ತುಂಡು ಕಟ್ಟಿ ಬಂದಿದ್ದೇನೆ, ನಾನಿಲ್ಲದಾಗ ಸಿಡಿದರೂ ಅದರೊಳಗೇ ಬೀಳಲಿ ಅಂತ.